ಭೀಮಸರಟಗಳು ಈಗಲೂ ಬದುಕಿವೆಯೆ?

ಕಡೂರು, ತರೀಕೆರೆ, ಅಜ್ಜಂಪುರಗಳ ಮನೆಗಳಲ್ಲಿ ಚಲನಚಿತ್ರವನ್ನು ನೋಡಿಬಂದ ಮಕ್ಕಳು ಹಿರಿಯರನ್ನು ಕೇಳುವ ಪ್ರಶ್ನೆಗಳಲ್ಲಿ ಇದೊಂದು: "ತಾತ, ಡೈನೋಸಾರ್ ಈಗಲೂ ಎಲ್ಲಾದರೂ ಇದೆಯೆ? ಭದ್ರಾ ಕಾಡಿನೊಳಗೆ ಅಡಗಿಕೊಂಡಿರಬಹುದಲ್ಲವೆ?" ಅನೇಕ ಗೃಹಸ್ಥರು "ಎಲ್ಲವೂ ಸತ್ತುಹೋದವು, ಹೋಗಿ ಪಾಠ ಓದಿಕೋ" ಎಂದು ಮಾತು ಮುಗಿಸಿಬಿಡುವರು. ಈ ಉತ್ತರವು ಮಗುವಿನ ಬಾಯಿ ಮುಚ್ಚಿಸುವುದಲ್ಲದೆ, ನಿಜವೂ ಅಲ್ಲವಾದುದರಿಂದ, ಮನೆಯಲ್ಲಿ ಹೇಳತಕ್ಕ ಉತ್ತರವನ್ನು ವಾಚಕರ ಮುಂದಿಡುತ್ತೇವೆ.

ಮೊದಲು ಹೆಸರಿನ ವಿಚಾರ. 1842ರಲ್ಲಿ ಇಂಗ್ಲೆಂಡಿನ ರಿಚರ್ಡ್ ಓವೆನ್ ಎಂಬ ಪಂಡಿತನು ಎರಡು ಗ್ರೀಕ್ ಪದಗಳನ್ನು ಕೂಡಿಸಿ ಇದನ್ನು ಮಾಡಿದನು. ಭಯಂಕರವಾದ ಹಲ್ಲಿಯೆಂದು ಅರ್ಥ. ಸಂಸ್ಕೃತದಲ್ಲಿ ಭೀಮಸರಟವೆನ್ನಬಹುದು. ಹೆಸರು ಗಂಭೀರವಾದರೂ ದಾರಿತಪ್ಪಿಸುವಂಥದು. ಬೇಲಿಯ ಮೇಲೆ ತಲೆಯಾಡಿಸುವ ಓತಿಕ್ಯಾತನನ್ನು ನೋಡಿರಿ: ಅದರ ಕಾಲುಗಳು ಪಕ್ಕಕ್ಕೆ ಚಾಚಿಕೊಂಡಿರುವುವು. ಭೀಮಸರಟಗಳ ಕಾಲುಗಳಾದರೋ ಕಂಬಗಳಂತೆ ನೆಟ್ಟಗೆ ಮೈಯ ಕೆಳಗೆ ನಿಂತಿದ್ದುವು. ಮೊಸಳೆಯು ಅವುಗಳಿಗೆ ದಾಯಾದಿ. ಓತಿಕ್ಯಾತನು ಬಲು ದೂರದ ನಂಟ.

ಮನೆಯ ಹಿಂದಿನ ಗುಡ್ಡವನ್ನು ಅಗೆದರೆ ಅವುಗಳ ಮೂಳೆ ಸಿಕ್ಕೀತೆ? ನಮ್ಮ ಸೀಮೆಯಲ್ಲಿ ಸಿಕ್ಕದು. ಭೀಮಸರಟಗಳು ಹುಟ್ಟಿದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ನಮ್ಮ ಬಂಡೆಗಳು 250 ಕೋಟಿ ವರ್ಷಗಳಿಗೂ ಹಿಂದಿನವು. ಆ ಪ್ರಾಣಿಗಳು ಇಲ್ಲಿ ಓಡಾಡಿದ್ದರೂ ಓಡಾಡಿರಬಹುದು; ಆದರೆ ಮೂಳೆಯು ಕಲ್ಲಾಗಿ ಉಳಿಯಬೇಕಾದರೆ ಅದು ಬೇಗನೆ ಕೆಸರಿನಲ್ಲಿಯೋ ಮರಳಿನಲ್ಲಿಯೋ ಹೂತುಹೋಗಬೇಕು, ಆ ಪದರವೂ ಕರಗಿಹೋಗದೆ ಉಳಿಯಬೇಕು. ಆ ಕಾಲದ ಅಂಥ ಪದರವು ನಮ್ಮಲ್ಲಿಲ್ಲ. ಭಾರತದಲ್ಲಿ ಮೊದಲು ಸಿಕ್ಕಿದ್ದು ಜಬಲಪುರದಲ್ಲಿ. 1828ರಲ್ಲಿ ಸ್ಲೀಮನ್ ಎಂಬ ಸೈನ್ಯಾಧಿಕಾರಿಯು ಕಂಡ ಆ ಮೂಳೆಗಳ ಪ್ರಾಣಿಗೆ 1877ರಲ್ಲಿ ಟೈಟನೋಸಾರಸ್ ಇಂಡಿಕಸ್ ಎಂಬ ನಾಮಕರಣವಾಯಿತು. ಗುಜರಾತಿನ ಬಾಲಾಸಿನೋರಿನ ಬಳಿಯಲ್ಲಿ ಮೂಳೆಗಳಷ್ಟೇ ಅಲ್ಲ, ಕಲ್ಲಾದ ಮೊಟ್ಟೆಗಳೂ ದೊರೆತಿವೆ.

ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಈಗಿನ ಮೆಕ್ಸಿಕೋ ದೇಶದ ಕರಾವಳಿಯಲ್ಲಿ ದೊಡ್ಡದೊಂದು ಆಕಾಶಶಿಲೆಯು ಬಿದ್ದು, ಎದ್ದ ಧೂಳು ಸೂರ್ಯನನ್ನು ಮರೆಮಾಡಿತು. ಹೆಚ್ಚುಕಡಮೆ ಅದೇ ಕಾಲದಲ್ಲಿ ದಖ್ಖಣದಲ್ಲಿ ನೆಲ ಬಿರಿದು ಶಿಲಾರಸವು ಹರಿಯುತ್ತಿದ್ದಿತು. ಬೆಳಗಾವಿ, ವಿಜಯಪುರ, ಕಲಬುರಗಿಗಳ ಕಪ್ಪು ಕಲ್ಲು ಆ ರಸವು ಆರಿದುದೇ. ಗಿಡಗಳು ಒಣಗಿದುವು, ಗಿಡ ತಿನ್ನುವುವು ಸತ್ತುವು, ಅವನ್ನು ತಿನ್ನುವುವೂ ಸತ್ತುವು.

ಇಷ್ಟು ಕೇಳಿದ ಚುರುಕು ಹುಡುಗನು ಸುಮ್ಮನಿರುವುದಿಲ್ಲ. ಅಳಿದುಹೋಯಿತೆಂದು ನಂಬಿದ್ದ ಸೀಲಕ್ಯಾಂತ್ ಎಂಬ ಮೀನಿನ ಜಾತಿಯು 1938ರಲ್ಲಿ ದಕ್ಷಿಣ ಆಫ್ರಿಕದ ಕಡಲಲ್ಲಿ ಜೀವಂತವಾಗಿ ಸಿಕ್ಕಿತಲ್ಲಾ ಎನ್ನುವನು. ಮಾತು ನ್ಯಾಯವಾದುದೇ. ಆದರೆ ಮೀನಿಗೆ ಆಳವಾದ ಸಮುದ್ರವುಂಟು. ಮನೆಯಷ್ಟು ಎತ್ತರದ ಮೃಗಕ್ಕೆ ಮರೆಯೆಲ್ಲಿ? ಒಂಟಿಪ್ರಾಣಿ ಕೋಟ್ಯಂತರ ವರ್ಷ ಬಾಳದು. ತಾಯಿ ತಂದೆ ಮರಿಗಳ ಹಿಂಡೇ ಇರಬೇಕು, ಹಿಂಡಿಗೆ ಮೇವು ಬೇಕು, ಹೆಜ್ಜೆ ಮೂಡಬೇಕು, ಲದ್ದಿ ಬೀಳಬೇಕು. ಭದ್ರಾ ಕಾಡಿನಲ್ಲಿ ಮರಗಳಿಗೆ ಕ್ಯಾಮರಾ ಕಟ್ಟಿ, ಮೈಮೇಲಿನ ಪಟ್ಟೆಗಳಿಂದಲೇ ಒಂದೊಂದು ಹುಲಿಯನ್ನೂ ಬೇರೆಬೇರೆಯಾಗಿ ಗುರುತಿಸುವವರ ಕಣ್ಣಿಗೆ ಇದೊಂದು ಬೀಳದೆ ಹೋದೀತೆ?

ಹಾಗಾದರೆ "ಎಲ್ಲವೂ ಸತ್ತುವು" ಎಂಬುದು ಸುಳ್ಳು ಹೇಗೆ? ಮಗುವನ್ನು ಕರೆದುಕೊಂಡು ಹೋಗಿ ಕೋಳಿಯ ಕಾಲನ್ನು ತೋರಿಸಿರಿ. ಮುಂದಕ್ಕೆ ಚಾಚಿದ ಮೂರು ಬೆರಳು, ಮೇಲೆ ಹುರುಪೆ. ಎರಡೇ ಕಾಲಿನಲ್ಲಿ ನಡೆದು ಮಾಂಸ ತಿನ್ನುತ್ತಿದ್ದ ಭೀಮಸರಟಗಳಿಗೂ ಮೂರು ಬೆರಳಿನ ಹೆಜ್ಜೆಯೇ ಇದ್ದಿತು. ಟೊಳ್ಳು ಮೂಳೆಗಳೂ, ಎದೆಯ ಮುಂದಿನ ಕವಲುಮೂಳೆಯೂ ಇದ್ದುವು. 1861ರಲ್ಲಿ ಜರ್ಮನಿಯ ಬವೇರಿಯದಲ್ಲಿ ಗರಿಯುಳ್ಳ ಹಕ್ಕಿಯೊಂದರ ಅಸ್ಥಿ ಕಲ್ಲಿನಲ್ಲಿ ದೊರೆಯಿತು. ಆರ್ಕಿಯಾಪ್ಟೆರಿಕ್ಸ್ ಎಂದು ಹೆಸರು. ಅದಕ್ಕೆ ಹಲ್ಲೂ ಇದ್ದಿತು, ಉದ್ದನೆಯ ಎಲುಬಿನ ಬಾಲವೂ ಇದ್ದಿತು. ಸಂಸ್ಕೃತದಲ್ಲಿ ದ್ವಿಜವೆಂದರೆ ಹಕ್ಕಿಯೂ ಹೌದು, ಹಲ್ಲೂ ಹೌದು; ಈ ದ್ವಿಜಕ್ಕೆ ದ್ವಿಜಗಳಿದ್ದುವು! 1996ರಲ್ಲಿ ಚೀನದೇಶದಿಂದ ತುಪ್ಪುಳಿನ ಹೊದಿಕೆಯುಳ್ಳ ಭೀಮಸರಟವೇ ಬೆಳಕಿಗೆ ಬಂದಿತು. ಹಕ್ಕಿಗಳು ಆ ವಂಶದ ಒಂದು ಕವಲೆಂಬುದನ್ನು ಈಗ ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿರುವರು. ದೊಡ್ಡವೆಲ್ಲ ಅಳಿದ ಕಾಲದಲ್ಲಿ ಸಣ್ಣ ಹಕ್ಕಿಗಳು ಕೆಲವು ಉಳಿದುಕೊಂಡುವು.

ಆದುದರಿಂದ ಮಕ್ಕಳಿಗೆ ಧೈರ್ಯವಾಗಿ ಹೇಳಿರಿ: ಕಡೂರಿನ ಹೊಲದಲ್ಲಿ ರಾಗಿ ಮೆಲ್ಲುವ ನವಿಲು ಆ ವಂಶದ್ದೇ. ಲಕ್ಕವಳ್ಳಿಯ ಬಳಿ ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಬೇಸಗೆಯಲ್ಲಿ ಗುಂಪುಗುಂಪಾಗಿ ಗೂಡುಮಾಡುವ ರಿವರ್ ಟರ್ನ್ ಎಂಬ ಹಕ್ಕಿಯೂ ಆ ವಂಶದ್ದೇ. ನೀರು ಇಳಿದಾಗ ತೇಲಿದ ನೆಲದ ಮೇಲೆಯೇ ಅದು ಮೊಟ್ಟೆಯಿಡುವುದು; ಅಕಾಲದಲ್ಲಿ ನೀರೇರಿದರೆ ಆ ವರ್ಷದ ಸಂತಾನವು ಮುಳುಗಿಹೋಗುವುದು.

ಆ ವಂಶದಲ್ಲಿ ನಮ್ಮ ಕಣ್ಣೆದುರಿಗೇ ಅಳಿಯುತ್ತಿರುವುದೂ ಒಂದುಂಟು. ಎರೆಭೂತವೆಂಬ ದೊಡ್ಡ ಹಕ್ಕಿ ಇಡೀ ದೇಶದ ಬಯಲುಗಳಲ್ಲಿ ಈಗ 150ಕ್ಕಿಂತ ಹೆಚ್ಚಿಲ್ಲವೆಂದು ಅಂದಾಜು. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಹೊಲಗಳಲ್ಲಿ ಬೆರಳಲ್ಲಿ ಎಣಿಸುವಷ್ಟು ಮಾತ್ರ ಉಳಿದಿವೆ. ಅದು ಸಾಮಾನ್ಯವಾಗಿ ವರ್ಷಕ್ಕೊಂದೇ ಮೊಟ್ಟೆಯಿಡುವುದು, ಅದೂ ಬರಿಯ ನೆಲದ ಮೇಲೆ.