ಉತಾರದಲ್ಲಿ ಯಾರ ಹೆಸರು?

ಪುಣೆಯ ದಕ್ಷಿಣಕ್ಕಿರುವ ಧನಕವಡಿ 1997ರಲ್ಲಿ ಮಹಾನಗರಪಾಲಿಕೆಗೆ ಸೇರಿತು. ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಈ ಊರಿನ ತುಂಬ ಈಗ ಕಟ್ಟಡಗಳು. ಇಂಥ ಬಡಾವಣೆಗಳನ್ನು ಕಟ್ಟಲು ಪುಣೆಗೆ ಬಂದವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಕನ್ನಡಿಗರಿದ್ದಾರೆ. ಮಹಾರಾಷ್ಟ್ರದ್ದೇ ಆದ ಜತ್ತ, ಅಕ್ಕಲಕೋಟೆಯ ಕನ್ನಡಿಗರೂ ಇದ್ದಾರೆ. ಇಲ್ಲಿ ಗೌಂಡಿ ಕೆಲಸ, ಊರಲ್ಲಿ ಎರಡು ಮೂರು ಎಕರೆ ಒಣಬೇಸಾಯದ ಹೊಲ. ನಾಲ್ಕು ತಿಂಗಳಿಗೊಮ್ಮೆ ಬ್ಯಾಂಕಿನಿಂದ ಮೊಬೈಲಿಗೆ ಬರುವ ಎರಡು ಸಾವಿರದ ಸಂದೇಶ ಆ ಹೊಲದ ಲೆಕ್ಕದ್ದು.

ಅದು ಪಿಎಂ ಕಿಸಾನ್ ಹಣ. 2019ರ ಫೆಬ್ರವರಿ 24ರಂದು ಗೋರಖಪುರದಲ್ಲಿ ಶುರುವಾದ ಯೋಜನೆ. ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಸೇರಿದ ಒಂದು ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ, ಮೂರು ಕಂತಿನಲ್ಲಿ. ಮೊದಲು ಎರಡು ಹೆಕ್ಟೇರ್ ಒಳಗಿನವರಿಗೆ ಮಾತ್ರ ಇತ್ತು. ಕೆಲವೇ ತಿಂಗಳಲ್ಲಿ ಆ ಮಿತಿ ಹೋಯಿತು. ಆದಾಯ ತೆರಿಗೆ ಕಟ್ಟುವವರಿಗೆ, ನಾಲ್ಕನೇ ದರ್ಜೆಗಿಂತ ಮೇಲಿನ ಸರ್ಕಾರಿ ನೌಕರರಿಗೆ ಇದು ಇಲ್ಲ. 2019ರ ಫೆಬ್ರವರಿ 1ರ ನಂತರ ಹೊಲ ಕೊಂಡವರಿಗೂ ಇಲ್ಲ. ಹಿರಿಯರು ತೀರಿಕೊಂಡು ವಾರಸಾದಿಂದ ಬಂದರೆ ಉಂಟು.

ಇದರ ಮೇಲೆ ರಾಜ್ಯ ಸರ್ಕಾರ ಕೂಡಿಸುವ ಹಣ ಮಾತ್ರ ರಾಜ್ಯ ರಾಜ್ಯಕ್ಕೆ ಬೇರೆ. ಮಹಾರಾಷ್ಟ್ರ 2023ರಲ್ಲಿ ‘ನಮೋ ಶೇತಕರಿ ಮಹಾಸನ್ಮಾನ ನಿಧಿ’ ತಂದು ಇನ್ನೂ 6,000 ಸೇರಿಸಿತು. ಕರ್ನಾಟಕದಲ್ಲಿ ಯಡಿಯೂರಪ್ಪ ಸರ್ಕಾರ 2019ರಲ್ಲಿ 4,000 ಕೊಡಲು ಶುರು ಮಾಡಿತ್ತು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಅದು ನಿಂತಿತು. ಹೀಗಾಗಿ ಜತ್ತದ ಜೋಳದ ಹೊಲಕ್ಕೆ 12,000, ಗಡಿಯ ಆಚೆಗಿನ ವಿಜಯಪುರದ ಜೋಳದ ಹೊಲಕ್ಕೆ 6,000. ಅದೇ ಬರ, ಅದೇ ಭಾಷೆ. ಇದು ನ್ಯಾಯವಲ್ಲ.

ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. ದುಡಿಯಲು ಪುಣೆಗೆ ಬಂದವರ ಹೊಲ ಪಾಳು ಬೀಳುವುದಿಲ್ಲ. ಊರಲ್ಲೇ ಉಳಿದ ಯಾರೋ ಅದನ್ನು ಪಾಲಿಗೋ ಲಾವಣಿಗೋ ಮಾಡುತ್ತಾರೆ. ಬೀಜ, ಗೊಬ್ಬರ, ಮಳೆ ಕೈಕೊಟ್ಟರೆ ಸಾಲ ಎಲ್ಲವೂ ಅವರ ಪಾಲಿಗೆ. ಹಣ ಮಾತ್ರ ಹೊಲದ ದಾಖಲೆಯಾದ ಉತಾರದಲ್ಲಿ ಹೆಸರಿದ್ದವರ ಖಾತೆಗೆ. ಮಹಾರಾಷ್ಟ್ರದ ‘ಸಾತಬಾರಾ’ದಲ್ಲಿ ಏಳನೇ ನಮೂನೆ ಒಡೆತನದ್ದು, ಹನ್ನೆರಡನೆಯದು ಬೆಳೆಯದ್ದು. ಪಿಎಂ ಕಿಸಾನ್ ನೋಡುವುದು ಏಳನ್ನಷ್ಟೇ.

ಪಾಲು, ಲಾವಣಿಯ ಈ ಗೇಣಿ ಬರಹಕ್ಕೆ ಇಳಿಯದಿರಲು ಹಳೆಯ ಕಾರಣವಿದೆ. ಮುಂಬೈ ಗೇಣಿ ಕಾಯಿದೆಯಡಿ 1957ರ ಏಪ್ರಿಲ್ 1ರಂದು ಗೇಣಿದಾರರೇ ಭೂಮಿಯ ಒಡೆಯರೆಂದು ಸಾರಲಾಯಿತು. ಕರ್ನಾಟಕದಲ್ಲಿ 1974ರ ತಿದ್ದುಪಡಿ ಉಳುವವನಿಗೆ ಹೊಲ ಕೊಟ್ಟಿತು, ಮುಂದೆ ಗೇಣಿಗೆ ಕೊಡುವುದನ್ನೇ ಬಹುಮಟ್ಟಿಗೆ ನಿಷೇಧಿಸಿತು. ಅವು ಲಕ್ಷಾಂತರ ಮನೆಗಳನ್ನು ಉಳಿಸಿದ ಕಾಯಿದೆಗಳು. ಆದರೆ ಗೇಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಕಾಗದ ಇಲ್ಲದವರಿಗೆ ಸಹಾಯಧನವಿಲ್ಲ, ಬೆಳೆಸಾಲ ಸಿಗುವುದೂ ಕಷ್ಟ.

ದಾರಿ ಇಲ್ಲವೆಂದಲ್ಲ. ಅಮೆರಿಕದಲ್ಲಿ ಹೊಲವನ್ನು ರೊಕ್ಕದ ಬಾಡಿಗೆಗೆ ಕೊಟ್ಟರೆ, ಬೆಳೆಯ ನಷ್ಟ ಹೊರುವ ಗೇಣಿದಾರನಿಗೇ ಸಹಾಯಧನ ಸೇರಬೇಕೆಂಬ ನಿಯಮವಿದೆ. ರೈತರಿಗೆ ನೆರವು ಕೊಡುವ ಒಡಿಶಾದ ಕಾಲಿಯಾ ಯೋಜನೆ ಪಾಲುಗಾರರನ್ನೂ ಭೂಮಿಯಿಲ್ಲದವರನ್ನೂ ಸೇರಿಸಿಕೊಂಡಿತ್ತು. ಆಂಧ್ರಪ್ರದೇಶ 2019ರಲ್ಲಿ ಕಾಯಿದೆ ಮಾಡಿ 11 ತಿಂಗಳ ಕರಾರಿನ ಮೇಲೆ ಸಾಗುವಳಿದಾರರಿಗೆ ಕಾರ್ಡು ಕೊಟ್ಟಿತು. ಒಡೆತನದ ಹಕ್ಕಿಗೆ ಕೈಹಚ್ಚಲಿಲ್ಲ. ಆದರೂ ಮಾಲೀಕರ ಸಹಿ ಬೇಕಿದ್ದರಿಂದ, ಸಹಿ ಹಾಕಲು ಅವರು ಹಿಂಜರಿದದ್ದರಿಂದ, ಎಷ್ಟೋ ಗೇಣಿದಾರರಿಗೆ ಆ ಕಾರ್ಡು ದಕ್ಕಲಿಲ್ಲ.

ಕರ್ನಾಟಕ, ಮಹಾರಾಷ್ಟ್ರ ಎರಡೂ ಇಂಥ ಕಾರ್ಡು ತರಬೇಕು, ಗ್ರಾಮಸಭೆಯ ಸಾಕ್ಷಿಯ ಮೇಲೆ ಕೊಡಬೇಕು. ಊರಲ್ಲಿ ಹೊಲ ಬಿಟ್ಟು ಬಂದವರೇ, ನಿಮ್ಮ ಹೊಲ ಮಾಡುವವರ ಹೆಸರು ಬರೆಸುವ ದಿನ ಬಂದಾಗ ಅಡ್ಡ ನಿಲ್ಲಬೇಡಿ.