ಟ್ರಾಕ್ಟರಿನ ನಡುವಿಗೆ ಬಿದ್ದ ಬಿರುಕು

ದಕ್ಷಿಣ ಜರ್ಮನಿಯ ಮೆಟ್ಸಿಂಗೆನ್ ಒಂದು ಸಣ್ಣ ಪಟ್ಟಣ. ಹಿಂದಿನವರು ದ್ರಾಕ್ಷಿಯನ್ನು ಹಿಂಡಿ ರಸ ತೆಗೆಯುತ್ತಿದ್ದ ಏಳು ದೊಡ್ಡ ಕಟ್ಟಡಗಳು ಅಲ್ಲಿ ಇಂದಿಗೂ ನಿಂತಿವೆ. ಪಕ್ಕದ ಗುಡ್ಡದ ಮೇಲೆ ದ್ರಾಕ್ಷಿ ತೋಟಗಳು ಹಬ್ಬಿವೆ. ಇಂಥ ಗುಡ್ಡದ ತೋಟಗಳಲ್ಲಿ ಬಳ್ಳಿಗಳ ಸಾಲಿನ ನಡುವಣ ದಾರಿ ಬಹಳ ಕಿರಿದು. ಸಾಲು ಮುಗಿದೆಡೆ ತಿರುಗುವುದಕ್ಕೆ ಇರುವ ಸ್ಥಳವೂ ಅಷ್ಟಕ್ಕಷ್ಟೆ. ಸಾಮಾನ್ಯ ಟ್ರಾಕ್ಟರು ಅಲ್ಲಿಗೆ ಹೋದರೆ ಬಳ್ಳಿಯನ್ನು ತುಳಿಯಬೇಕು, ಇಲ್ಲವೆ ತಾನೇ ಉರುಳಬೇಕು. ಈ ಊರಿನ ಹೋಲ್ಡರ್ ಕಾರ್ಖಾನೆಯವರು 1950ರ ದಶಕದಲ್ಲಿ ಇದಕ್ಕೊಂದು ಉಪಾಯವನ್ನು ಕಂಡುಕೊಂಡರು. ನಾಲ್ಕೂ ಚಕ್ರಗಳು ಒಂದೇ ಅಳತೆಯವು. ನಾಲ್ಕಕ್ಕೂ ಎಂಜಿನ್ನಿನ ಬಲವುಂಟು. ಮುಂದಿನ ಚಕ್ರಗಳನ್ನು ತಿರುಗಿಸುವ ಬದಲು ಗಾಡಿಯನ್ನೇ ಎರಡು ಭಾಗ ಮಾಡಿ, ನಡುವೆ ಕೀಲಿನಿಂದ ಜೋಡಿಸಿದರು. ಚಾಲಕ ಚಕ್ರ ಹಿಡಿದು ತಿರುಗಿಸಿದರೆ ಇಡೀ ವಾಹನವೇ ಸೊಂಟ ಬಳುಕಿಸಿ ತಿರುಗುತ್ತದೆ! ಅವರ ‘ಎ 12’ ಎಂಬ ಮಾದರಿಗೆ ಇದ್ದುದು 12 ಅಶ್ವಶಕ್ತಿಯ ಎಂಜಿನ್ನು ಮಾತ್ರ. ಗಾತ್ರ ಕಿರಿದಾದರೂ ಕೆಲಸ ಹಿರಿದು.

ಇಟಲಿಯ ಹಣ್ಣಿನ ತೋಟಗಳಲ್ಲಿಯೂ ಇದೇ ಜಾತಿಯ ಕಿರು ಟ್ರಾಕ್ಟರುಗಳು ದುಡಿಯುತ್ತವೆ. ಅಮೆರಿಕದ ಒಹಾಯೊ ರಾಜ್ಯದ ಆರ್‌ವಿಲ್ ಎಂಬಲ್ಲಿ ತಯಾರಾಗುವ ವೆಂಟ್ರಾಕ್ ಗಾಡಿಗಳು ಕಡಿದಾದ ದಿಬ್ಬಗಳ ಮೇಲೆ ಹುಲ್ಲು ಕತ್ತರಿಸುತ್ತವೆ.

ಕನ್ನಡ ಪಾಠ ಹೇಳುವವನಿಗೆ ಟ್ರಾಕ್ಟರಿನ ಗೊಡವೆ ಏಕೆ ಎಂದು ವಾಚಕರು ನಗಬಹುದು. ಆದರೆ ಸಂಧಿಯ ವಿಚಾರ ನನಗೆ ತೀರ ಹೊಸದಲ್ಲ. ಎರಡು ಪದಗಳು ಕೂಡುವ ಕಡೆಯಲ್ಲಿಯೇ ಲೋಪವೋ ಆಗಮವೋ ಆದೇಶವೋ ನಡೆಯುವುದು. ಪದದ ಒಡಲು ಹಾಗೆಯೇ ಉಳಿದಿರುತ್ತದೆ. ಈ ಗಾಡಿಯ ಕಥೆಯೂ ಅದೇ. ಎಂಜಿನ್ನು ಸುಖವಾಗಿರುತ್ತದೆ, ಚಕ್ರಗಳು ಸುಖವಾಗಿರುತ್ತವೆ. ಎರಡು ಅರ್ಧಗಳು ಕೂಡುವ ಸಂಧಿಯ ಬಳಿ ಮಾತ್ರ, ಒಂದು ದಿನ, ಬಣ್ಣದ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆ ಕಾಣಿಸಿಕೊಳ್ಳುತ್ತದೆ. ಗೆರೆಯ ಅಂಚಿನಲ್ಲಿ ಕೆಂಪು ತುಕ್ಕಿನ ಪುಡಿ.

ಆ ಗೆರೆಯನ್ನು ಕಂಡು ಉದಾಸೀನ ಮಾಡುವುದು ಸಾಹಸವಲ್ಲ, ಅವಿವೇಕ. ಬೇರೆ ಟ್ರಾಕ್ಟರಿನಲ್ಲಿ ಚೌಕಟ್ಟು ಬೇರೆ, ತಿರುಗಿಸುವ ಸಾಧನ ಬೇರೆ. ಇಲ್ಲಿಯಾದರೋ ಚೌಕಟ್ಟೇ ತಿರುಗುವ ಸಾಧನ. ಇಳಿಜಾರಿನಲ್ಲಿ ಕೀಲು ಕಳಚಿತೆಂದರೆ ಗಾಡಿ ಯಾರ ಮಾತನ್ನೂ ಕೇಳುವುದಿಲ್ಲ. ಅದರ ಮೇಲೆ ಕುಳಿತವನ ಗತಿಯನ್ನು ಬೇರೆ ಹೇಳಬೇಕಾಗಿಲ್ಲ.

ಗಟ್ಟಿಮುಟ್ಟಾದ ಉಕ್ಕು ಬಿರಿಯುವುದೇಕೆ? ಇಕ್ಕಳವಿಲ್ಲದಾಗ ನಾವು ತಂತಿಯನ್ನು ಅತ್ತ ಇತ್ತ ಹತ್ತಾರು ಬಾರಿ ಬಾಗಿಸಿ ಮುರಿಯುವುದಿಲ್ಲವೆ? ಉಕ್ಕಿಗೂ ಆಯಾಸವುಂಟು. 1842ರ ಮೇ 8ರಂದು ವರ್ಸೇಲ್ಸ್‌ನಿಂದ ಪ್ಯಾರಿಸಿಗೆ ಮರಳುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ತುಂಡಾಗಿ, ಹಿಂದಿನ ಗಾಡಿಗಳು ಒಂದರ ಮೇಲೊಂದು ಏರಿ ಬೆಂಕಿ ಹತ್ತಿತು. ಐವತ್ತಕ್ಕೂ ಹೆಚ್ಚು ಜನ ಮಡಿದರು. ದಿನವೂ ಓಡುತ್ತಿದ್ದ ಅಚ್ಚು ಮುರಿದುದು ಹೇಗೆಂಬುದು ಆ ಬಳಿಕ ಎಂಜಿನಿಯರುಗಳ ನಿದ್ದೆ ಕೆಡಿಸಿದ ಪ್ರಶ್ನೆಯಾಯಿತು. ಪ್ರಷ್ಯದ ರೈಲ್ವೆ ಎಂಜಿನಿಯರ್ ಆಗಸ್ಟ್ ವ್ಯೋಲರ್ ವರ್ಷಗಟ್ಟಲೆ ಪ್ರಯೋಗ ನಡೆಸಿ ತೋರಿಸಿದ್ದು ಇದನ್ನೇ: ಒಂದೇ ಸಲಕ್ಕೆ ಮುರಿಯಲಾರದ ಭಾರವೂ ಲಕ್ಷಾಂತರ ಸಲ ಮರುಕಳಿಸಿದರೆ ಲೋಹವನ್ನು ಮುರಿಯಬಲ್ಲುದು. ಬಿರುಕು ಹುಟ್ಟುವುದು ಚೂಪು ಮೂಲೆಗಳಲ್ಲಿ, ಬೆಸುಗೆಯ ಅಂಚಿನಲ್ಲಿ, ದಪ್ಪ ತಗಡು ತೆಳು ತಗಡಿಗೆ ಸೇರುವ ಕಡೆಯಲ್ಲಿ. ನಮ್ಮ ಟ್ರಾಕ್ಟರಿನ ಕೀಲಿನ ಬಳಿ ಈ ಮೂರೂ ಒಟ್ಟಿಗೆ ಮನೆಮಾಡಿರುತ್ತವೆ. ಸಾಲದ್ದಕ್ಕೆ ಕೀಲಿನ ಪಿನ್ನು ಸವೆದು ಬುಷ್ಷಿನಲ್ಲಿ ಸಡಿಲವಾಗಿದ್ದರೆ, ಪ್ರತಿಯೊಂದು ತಿರುವೂ ಚೌಕಟ್ಟಿಗೆ ಒಂದು ಸುತ್ತಿಗೆಯ ಏಟು.

ಆದುದರಿಂದ ಬೆಸುಗೆಯವನನ್ನು ಕರೆಯುವ ಮೊದಲು ಬಿರುಕಿನ ಕಾರಣವನ್ನು ಹುಡುಕಬೇಕು. ಪಿನ್ನು ಸವೆದಿದೆಯೆ? ಮುಂದಿನ ಬುಟ್ಟಿಗೆ ತಯಾರಕರು ಹೇಳಿದ್ದಕ್ಕಿಂತ ಹೆಚ್ಚು ಮಣ್ಣು ತುಂಬುತ್ತಿದ್ದರೆ? ಕಾರಣವನ್ನು ಹಾಗೆಯೇ ಬಿಟ್ಟು ಬಿರುಕನ್ನು ಮಾತ್ರ ಮುಚ್ಚಿದರೆ, ಅದು ಮತ್ತೆ ಬಾಯಿ ತೆರೆಯುವುದು ಖಂಡಿತ.

ಬಿರುಕು ಎಲ್ಲಿಯವರೆಗೆ ಹೋಗಿದೆ ಎಂಬುದು ಎರಡನೆಯ ಪ್ರಶ್ನೆ. ಇದಕ್ಕೆ ಹಳೆಯ ರೈಲ್ವೆ ಕಾರ್ಯಾಗಾರಗಳ ಉಪಾಯವೊಂದು ಸೊಗಸಾಗಿದೆ. ಬಣ್ಣವನ್ನೂ ಜಿಡ್ಡನ್ನೂ ತೆಗೆದು ಸೀಮೆಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಬಳಿಯುವುದು. ಸ್ವಲ್ಪ ಹೊತ್ತಿನಲ್ಲಿ ಬಿರುಕಿನೊಳಗೆ ಅಡಗಿದ ಎಣ್ಣೆ ಮೇಲೆದ್ದು ಬಿಳಿಯ ಪುಡಿಯ ಮೇಲೆ ತನ್ನ ದಾರಿಯನ್ನು ತಾನೇ ಬರೆದು ತೋರಿಸುತ್ತದೆ. ಈಗ ಅದೇ ಕೆಲಸಕ್ಕೆ ಕೆಂಪು ಬಣ್ಣದ ದ್ರವ ಡಬ್ಬಿಗಳಲ್ಲಿ ದೊರೆಯುತ್ತದೆ.

ಮುರಿದ ಭಾಗ ಯಾವ ಲೋಹದ್ದೆಂಬುದನ್ನೂ ತಿಳಿಯಬೇಕು. ಡ್ರಿಲ್ಲಿನಿಂದ ಸ್ವಲ್ಪ ಕೊರೆದರೆ ಸಾಕು: ಉಕ್ಕಾದರೆ ಸುರುಳಿ ಸುರುಳಿಯಾಗಿ ಹೊರಬರುತ್ತದೆ, ಬೀಡು ಕಬ್ಬಿಣವಾದರೆ ಪುಡಿಪುಡಿಯಾಗಿ ಉದುರುತ್ತದೆ. ಬೀಡಿನದು ಮುಂಗೋಪಿಯ ಸ್ವಭಾವ. ಒಂದೇ ಕಡೆ ಕಾಯಿಸಿದರೆ ಆರುವಾಗ ಪಕ್ಕದಲ್ಲಿ ಇನ್ನೊಂದು ಬಿರುಕು. ಅದಕ್ಕೆ ನಿಕ್ಕಲ್ ಬೆರೆತ ಕಡ್ಡಿ ಬೇಕು, ಒಂದು ಸಲಕ್ಕೆ ಒಂದಂಗುಲದಷ್ಟೇ ಬೆಸೆಯಬೇಕು, ನಿಧಾನವಾಗಿ ತಣಿಯಬೇಕು. ಬೆಂಕಿಯ ಸೋಂಕೇ ಇಲ್ಲದೆ, ಸಾಲಾಗಿ ರಂಧ್ರ ಕೊರೆದು ಲೋಹದ ಬಿರಡೆಗಳಿಂದ ಬಿರುಕನ್ನು ‘ಹೊಲಿಯುವ’ ಕುಶಲಿಗಳೂ ಇದ್ದಾರೆ. ಅದು ಮನೆಯಂಗಳದ ಕೆಲಸವಲ್ಲ.

ಉಕ್ಕಿನ ತಗಡಿನಿಂದ ಕಟ್ಟಿದ ಚೌಕಟ್ಟಾದರೆ ಹಾದಿ ಸುಗಮ. ಮೊದಲು ಬ್ಯಾಟರಿಯ ತಂತಿಗಳನ್ನು ಕಳಚಬೇಕು. ಇಂಧನದ ತೊಟ್ಟಿಯನ್ನೂ ರಬ್ಬರು ಕೊಳವೆಗಳನ್ನೂ ಕಿಡಿಯಿಂದ ದೂರವಿಡಬೇಕು. ಎರಡು ಅರ್ಧಗಳಿಗೂ ಬೇರೆ ಬೇರೆ ಆಧಾರ ಕೊಟ್ಟು, ನಡು ಬಾಗದಂತೆ ಬೆಣೆ ಜಡಿಯಬೇಕು. ಎರಡು ಅರ್ಧಗಳ ನಡುವೆ ನಿಂತವನನ್ನು ಈ ಕೀಲು ಅಡಕತ್ತರಿಯಂತೆ ಹಿಸುಕಬಲ್ಲುದೆಂಬುದನ್ನು ಮರೆಯಬಾರದು. ವೆಲ್ಡಿಂಗಿನ ಅರ್ತ್ ಹಿಡಿಯನ್ನು ಬಿರುಕಿನ ಸಮೀಪದಲ್ಲಿಯೇ ಕಚ್ಚಿಸಬೇಕು. ದೂರದಲ್ಲಿ ಕಚ್ಚಿಸಿದರೆ ವಿದ್ಯುತ್ತು ಬೇರಿಂಗುಗಳ ಮೂಲಕ ಹರಿದು ಅವನ್ನು ಸುಟ್ಟುಹಾಕುತ್ತದೆ.

ಇನ್ನು ಚಿಕಿತ್ಸೆ. ಕಣ್ಣಿಗೆ ಕಾಣುವ ತುದಿಗಿಂತ ಸ್ವಲ್ಪ ಮುಂದಕ್ಕೆ ಒಂದು ಸಣ್ಣ ರಂಧ್ರ ಕೊರೆಯುತ್ತಾರೆ. ಗಾಯಕ್ಕೆ ಮತ್ತೊಂದು ಗಾಯವೆ ಎಂದು ಬೆರಗಾಗಬೇಡಿ. ಸೂಜಿಯ ಮೊನೆಯಂಥ ಬಿರುಕಿನ ತುದಿಯಲ್ಲಿ ಎಲ್ಲ ಬಲವೂ ಒಂದು ಬಿಂದುವಿನ ಮೇಲೆ ಬೀಳುತ್ತದೆ. ದುಂಡು ರಂಧ್ರ ಅದನ್ನು ಸುತ್ತಲೂ ಹಂಚುತ್ತದೆ. ಬಳಿಕ ಗ್ರೈಂಡರಿನಿಂದ ಬಿರುಕಿನ ಬೇರಿನವರೆಗೆ ಕಣಿವೆಯಂತೆ ತೋಡಬೇಕು. ಮೇಲೆ ಮಾತ್ರ ಬೆಸೆದರೆ ಒಳಗೆ ಬಿರುಕು ಹಾಗೆಯೇ ಕುಳಿತಿರುತ್ತದೆ. 7018 ಎಂಬ ಗುರುತಿನ ಕಡ್ಡಿ ಈ ಕೆಲಸಕ್ಕೆ ಹೆಸರಾದದ್ದು. ಆದರೆ ಅದು ಶೀತ ಹೀರಿರಬಾರದು. ಕಡ್ಡಿಯ ತೇವದಿಂದ ಹುಟ್ಟಿದ ಜಲಜನಕ ಬೆಸುಗೆಗೆ ಸೇರಿ, ಎಲ್ಲವೂ ತಣ್ಣಗಾದ ಮೇಲೆ ಒಳಗಿನಿಂದ ಸೀಳುತ್ತದೆ. ಕೀಲಿನ ರಂಧ್ರಗಳು ಸಾಲು ತಪ್ಪದಂತೆ ಅವುಗಳಲ್ಲಿ ಒಂದು ಸರಳು ತೂರಿಸಿ, ಈ ಪಕ್ಕ ಸ್ವಲ್ಪ, ಆ ಪಕ್ಕ ಸ್ವಲ್ಪ ಎಂದು ಬೆಸೆಯುವವನೇ ಜಾಣ.

ಬಲವರ್ಧನೆಯ ವಿಚಾರದಲ್ಲಿ ನನಗೆ ಒಂದು ತಕರಾರಿದೆ. ಬಿರುಕಿನ ಮೇಲೆ ಸಿಕ್ಕ ದಪ್ಪನೆಯ ಚೌಕ ತಗಡನ್ನು ಬಡಿದು ನಾಲ್ಕೂ ಸುತ್ತ ಬೆಸೆದುಬಿಡುವ ವಾಡಿಕೆ ಎಲ್ಲೆಲ್ಲೂ ಇದೆ; ನೋಡುವುದಕ್ಕೆ ಭದ್ರವಾಗಿಯೂ ಕಾಣುತ್ತದೆ. ಹಳೆಯ ಸೀರೆಗೆ ದಪ್ಪ ಬಟ್ಟೆಯ ತೇಪೆ ಹಾಕಿದರೆ ಏನಾಗುತ್ತದೆಂಬುದನ್ನು ನಮ್ಮ ಮನೆಯ ಹೆಂಗಸರನ್ನು ಕೇಳಿ. ತೇಪೆ ಉಳಿಯುತ್ತದೆ, ಅದರ ಅಂಚಿನಲ್ಲಿ ಸೀರೆ ಹರಿಯುತ್ತದೆ. ಉಕ್ಕೂ ಹಾಗೆಯೇ. ಆದ್ದರಿಂದ ಒತ್ತುಪಟ್ಟಿಯ ದಪ್ಪ ಮೂಲ ತಗಡನ್ನು ಮೀರಬಾರದು. ಅದು ಬಿರುಕಿನ ಎರಡು ಕಡೆಗೂ ಉದ್ದಕ್ಕೆ ಚಾಚಿ, ತುದಿಗಳಲ್ಲಿ ಎಲೆಯಂತೆ ಕಿರಿದಾಗಬೇಕು. ಎಳೆತ ಹೆಚ್ಚಿರುವ ಅಂಚಿಗೆ ಅಡ್ಡಲಾಗಿ ಬೆಸುಗೆ ಹಾಯಬಾರದು. ಸ್ವಲ್ಪ ಬಾಗಬೇಕಾದ ಚೌಕಟ್ಟನ್ನು ಬಾಗಲು ಬಿಡುವುದೇ ಲೇಸು.

ಈ ಉಪಚಾರಕ್ಕೆ ಹೊರತಾದ ಅಂಗವೊಂದಿದೆ. ಗಾಡಿ ಮಗುಚಿದರೆ ಚಾಲಕನ ತಲೆ ಕಾಯುವ ಉಕ್ಕಿನ ಕಮಾನು ಅದು. ಹೊಸ ಟ್ರಾಕ್ಟರುಗಳಿಗೆಲ್ಲ ಇಂಥ ರಕ್ಷಣೆ ಇರಲೇಬೇಕೆಂದು ಸ್ವೀಡನ್ ದೇಶ 1959ರಲ್ಲಿಯೇ ಕಾನೂನು ಮಾಡಿತು. ಅದು ಬಿರಿದರೆ ಅಥವಾ ಬಾಗಿದರೆ ಬೆಸೆಯಬಾರದು, ಬದಲಾಯಿಸಬೇಕು ಎಂದೇ ತಯಾರಕರು ಹೇಳುತ್ತಾರೆ. ಹಣದ ಆಸೆಗೆ ಇಲ್ಲಿ ಎಡೆಯಿಲ್ಲ.

ಬೆಸೆದು, ಪಿನ್ನು ಬುಷ್ಷುಗಳನ್ನು ಹೊಸದಾಗಿ ಕೂಡಿಸಿದ ಮೇಲೆ ಚೌಕಟ್ಟಿಗೆ ತಿಳಿಬಣ್ಣವನ್ನು ತೆಳುವಾಗಿ ಬಳಿದರೆ ಒಳ್ಳೆಯದು. ಕಪ್ಪು ಬಣ್ಣದಡಿ ಹೊಸ ಗೆರೆ ಕಾಣುವುದಿಲ್ಲ. ಮೊದಲ ಹತ್ತು ಗಂಟೆಗಳ ಕೆಲಸ ಸಮನೆಲದ ಮೇಲೆಯೇ ನಡೆಯಲಿ. ಆಮೇಲೆ ಬೆಸುಗೆಯ ಎರಡು ತುದಿಗಳನ್ನೂ ಒತ್ತುಪಟ್ಟಿಯ ಅಂಚುಗಳನ್ನೂ ಒರೆಸಿ, ಭೂತಗನ್ನಡಿ ಹಿಡಿದು ನೋಡಿ, ಗೆರೆಯಿಲ್ಲವೆಂದು ಖಚಿತವಾದ ಬಳಿಕ ಗಾಡಿಯನ್ನು ಗುಡ್ಡ ಹತ್ತಿಸಬಹುದು.