ವಿಶ್ವಕಿರಣಗಳ ತವರು

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವಾಗ ದಾರಿಯಲ್ಲಿ ಕುರಿಮಂದೆಗಳು ಎದುರಾಗುತ್ತವೆ. ಮಂದೆ ಬಡಗಣಿಂದ ಬಂದ ಮಾತ್ರಕ್ಕೆ ಅದರ ರೊಪ್ಪವೂ ಬಡಗಣಲ್ಲೇ ಇದೆಯೆನ್ನಲಾಗದು. ಮೇವನ್ನರಸಿ ಎಲ್ಲೆಲ್ಲಿ ತಿರುಗಿತೋ! ವಿಶ್ವಕಿರಣಗಳ ಪಾಡೂ ಇದೇ. ಇವು ಆಕಾಶದಿಂದ ಬರುತ್ತವೆಂಬುದನ್ನು 1912ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ ಐದು ಸಾವಿರ ಮೀಟರಿಗೂ ಮೇಲೇರಿ ತೋರಿಸಿದರು. ಬಹುಮಟ್ಟಿಗೆ ಇವು ಪ್ರೋಟಾನುಗಳು. ವಿದ್ಯುದಂಶವುಳ್ಳ ಕಾರಣ ಆಕಾಶಗಂಗೆಯ ಕಾಂತಕ್ಷೇತ್ರವು ಇವನ್ನು ಮತ್ತೆ ಮತ್ತೆ ತಿರುಗಿಸಿಬಿಡುತ್ತದೆ. ನಮ್ಮನ್ನು ಮುಟ್ಟಿದ ದಿಕ್ಕಿನಿಂದ ತವರನ್ನು ಊಹಿಸುವಂತಿಲ್ಲ.

ಆದರೆ ಈ ಕಿರಣಗಳು ಹುಟ್ಟಿದೆಡೆಯಲ್ಲೇ ಸುತ್ತಲಿನ ಅನಿಲಕ್ಕೋ ಬೆಳಕಿಗೋ ತಾಕಿದರೆ ನ್ಯೂಟ್ರಿನೊಗಳೆಂಬ ಕಣಗಳು ಹೊಮ್ಮುತ್ತವೆ. ಅವಕ್ಕೆ ವಿದ್ಯುದಂಶವಿಲ್ಲ, ಕಾಂತಕ್ಷೇತ್ರದ ಹಂಗೂ ಇಲ್ಲ. ಹೊರಟ ನೇರಕ್ಕೇ ಬರುತ್ತವೆ. ತೊಡಕೆಂದರೆ, ಭೂಮಿಯನ್ನೇ ತೂರಿಹೋಗಬಲ್ಲ ಅವು ಉಪಕರಣಕ್ಕೆ ಸಿಕ್ಕುವುದು ಬಲು ಅಪರೂಪ. ಬಲೆ ದೊಡ್ಡದಿರಬೇಕು, ಇತರ ಕಣಗಳ ಗದ್ದಲ ತಲುಪದಷ್ಟು ಆಳದಲ್ಲಿರಬೇಕು.

ಅಂಥ ಆಳ ನಮ್ಮ ನಾಡಿನಲ್ಲೇ ಇತ್ತು. ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರು 1950ರ ದಶಕದ ಮೊದಲಲ್ಲಿಯೇ ವಿಶ್ವಕಿರಣಗಳನ್ನು ಅಳೆಯಲೆಂದು ಕೋಲಾರದ ಚಿನ್ನದ ಗಣಿಗೆ ಇಳಿದಿದ್ದರು. ಆ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, ಮುಂಬಯಿಯ ಟಾಟಾ ಸಂಸ್ಥೆ, ಒಸಾಕಾ ಮತ್ತು ಡರ್ಹ್ಯಾಮ್‌ಗಳ ವಿಜ್ಞಾನಿಗಳು 1965ರಲ್ಲಿ ವಾಯುಮಂಡಲದ ನ್ಯೂಟ್ರಿನೊಗಳ ಗುರುತನ್ನು ಕಂಡರು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲೂ ಅವು ಕಂಡವು. ವಿಶ್ವಕಿರಣಗಳು ನಮ್ಮ ಗಾಳಿಗೆ ಬಡಿದಾಗ ಹುಟ್ಟಿದ ಕೂಸುಗಳಿವು. ಅಜ್ಜನ ಮನೆಯ ಸುದ್ದಿ ಇವಕ್ಕೆ ತಿಳಿಯದು. ಅಂದು ಹಬ್ಬವಾಗಿದ್ದ ಈ ಕಣಗಳೇ ಇಂದಿನ ದೂರದರ್ಶಕಗಳಿಗೆ ಗದ್ದಲ! ಗಣಿ 2001ರಲ್ಲಿ ಮುಚ್ಚಿತು. ಸುರಂಗಗಳಲ್ಲಿ ನೀರು ತುಂಬಿತು. ಚಿನ್ನದ ಲೆಕ್ಕದಲ್ಲಿ ಅದು ಸರಿಯಿದ್ದೀತು. ಆದರೆ ಆ ಆಳಕ್ಕೆ ಬೇರೊಂದು ಬೆಲೆಯೂ ಇತ್ತೆಂದು ನನ್ನ ಎಣಿಕೆ.

ದಕ್ಷಿಣಧ್ರುವದಲ್ಲಿ 2010ರಲ್ಲಿ ಕಟ್ಟಿ ಮುಗಿಸಿದ ಐಸ್‌ಕ್ಯೂಬ್‌ನಲ್ಲಿ ಒಂದು ಘನ ಕಿಲೋಮೀಟರಿನಷ್ಟು ಮಂಜುಗಡ್ಡೆಯೇ ಬಲೆ. ಅದರೊಳಗೆ 86 ಸರಗಳಲ್ಲಿ ಪೋಣಿಸಿದ 5,160 ಗಾಜಿನ ಗೋಳಗಳು, ನ್ಯೂಟ್ರಿನೊ ತಾಕಿದಾಗ ಹೊಮ್ಮುವ ಕಣಗಳು ಚೆಲ್ಲುವ ನಸುನೀಲಿ ಬೆಳಕಿಗಾಗಿ ಕಾದಿರುತ್ತವೆ. 2017ರ ಸೆಪ್ಟೆಂಬರ್ 22ರಂದು ಸಿಕ್ಕ ಒಂದು ನ್ಯೂಟ್ರಿನೊವಿನ ಜಾಡು ಹಿಡಿದು ನೋಡಿದರೆ, ಅಲ್ಲಿ ಕೋಟ್ಯಂತರ ಜ್ಯೋತಿರ್ವರ್ಷಗಳಾಚೆಯ ಗೆಲಾಕ್ಸಿಯೊಂದು, ನಡುವಿನ ಕಪ್ಪುಕುಳಿಯಿಂದ ಹೊರಟ ಧಾರೆಯನ್ನು ನಮ್ಮತ್ತಲೇ ಚಿಮ್ಮುತ್ತ ಉರಿಯುತ್ತಿತ್ತು. 2022ರಲ್ಲಿ ಇನ್ನೂ ಹತ್ತಿರದ ಎನ್‌ಜಿಸಿ 1068 ಗೆಲಾಕ್ಸಿಯ ದಿಕ್ಕಿನಿಂದ ಸುಮಾರು ಎಂಬತ್ತು ನ್ಯೂಟ್ರಿನೊಗಳು ಬಂದ ಲೆಕ್ಕ ಸಿಕ್ಕಿತು.

ಇವೆರಡೂ ಸೇರಿ ಹೊರಲೋಕದ ನ್ಯೂಟ್ರಿನೊಗಳಲ್ಲಿ ಅಲ್ಪಭಾಗಕ್ಕಷ್ಟೇ ಲೆಕ್ಕ ಕೊಡುತ್ತವೆ. 2023ರ ಫೆಬ್ರವರಿ 13ರಂದು ಮೆಡಿಟರೇನಿಯನ್ ಕಡಲಡಿಯ ದೂರದರ್ಶಕಕ್ಕೆ ಸಿಕ್ಕಿದ್ದು ಹಿಂದೆ ಕಂಡ ಎಲ್ಲವನ್ನೂ ಮೀರಿದ ಶಕ್ತಿಯ ನ್ಯೂಟ್ರಿನೊ. ಅದು ಬಂದ ದಿಕ್ಕು ಗೊತ್ತಾಯಿತು. ಆ ದಿಕ್ಕಿನಲ್ಲಿರುವ ಯಾವ ರೊಪ್ಪದಿಂದ ಹೊರಟಿತೆಂಬುದು ಗೊತ್ತಾಗಿಲ್ಲ.